ಅಲಂಕೃತ ವಾದ್ಯ: ನುಡಿಸುವುದಕ್ಕೋ, ನೋಡುವುದಕ್ಕೋ?

ಮರಗೆಲಸದ ಅಂಗಡಿಗೆ ಬಂದ ಗಿರಾಕಿ ದೇವರ ಮಂಟಪವನ್ನೋ ತಲಬಾಗಿಲನ್ನೋ ಕೇಳಿದರೆ ಅದರ ಉಪಯೋಗದ ಬಗೆಗೆ ಸಂದೇಹಕ್ಕೆ ಎಡೆಯಿಲ್ಲ. ಕೆತ್ತನೆ ಹೆಚ್ಚಾದಷ್ಟೂ ಮಂಟಪಕ್ಕೆ ಬೆಲೆ, ಮಾಡಿದವನಿಗೆ ಹೆಸರು. ಅದೇ ಗಿರಾಕಿ ಹೆಡೆಯೆತ್ತಿದ ಸರ್ಪವನ್ನು ಕೆತ್ತಿ, ಮುತ್ತಿನ ಚಿಪ್ಪನ್ನು ಕೂಡಿಸಿ, ತನ್ನ ಹೆಸರನ್ನೂ ಬರೆದ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಮಾಡಿಕೊಡಿರೆಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಅದು ವೇದಿಕೆಯ ಮೇಲೆ ಎರಡು ಗಂಟೆ ಹೆಗಲಿಗೆ ತೂಗಬೇಕಾದ ವಸ್ತುವೋ, ಬೈಠಕ್ ಖೋಲಿಯ ಗೋಡೆಗೆ ತೂಗಬೇಕಾದ ವಸ್ತುವೋ ಎಂಬುದು ತೀರ್ಮಾನವಾಗುವವರೆಗೆ ಮರವನ್ನು ಸಹ ಆರಿಸುವಂತಿಲ್ಲ.

ವಿದೇಶಗಳಲ್ಲಿ ಈ ಬಗೆಯ ವಾದ್ಯಗಳಿಗೆ ಪ್ರತ್ಯೇಕ ಮಾರುಕಟ್ಟೆಯೇ ಉಂಟು. ಅಮೆರಿಕದ ಫೆಂಡರ್ ಕಂಪನಿಯು 1987ರಲ್ಲಿ ಗಿರಾಕಿಯ ಇಚ್ಛೆಯಂತೆ ಗಿಟಾರ್ ತಯಾರಿಸುವ ವಿಭಾಗವನ್ನು ತೆರೆಯಿತು. ಅಲ್ಲಿನ ಇನ್ನೊಂದು ಸಂಸ್ಥೆಯಾದ ಪಾಲ್ ರೀಡ್ ಸ್ಮಿತ್ 1992ರಲ್ಲಿ ಬೆರಳುಹಲಗೆಯುದ್ದಕ್ಕೂ ಡ್ರ್ಯಾಗನ್ ಚಿತ್ರವನ್ನು 201 ತುಣುಕುಗಳಿಂದ ಕೂಡಿಸಿದ ಗಿಟಾರನ್ನು ಹೊರತಂದಿತು. ತಯಾರಾದವು 50 ಮಾತ್ರ. ಇಂಥವನ್ನು ಕೊಂಡವರಲ್ಲಿ ಎಷ್ಟು ಜನ ನುಡಿಸಿದರು, ಎಷ್ಟು ಜನ ಪೆಟ್ಟಿಗೆಯಲ್ಲಿಟ್ಟರು ಎಂಬ ವಾದ ಇಂದಿಗೂ ಮುಗಿದಿಲ್ಲ.

ಎಲೆಕ್ಟ್ರಿಕ್ ಗಿಟಾರೇ ಈ ವಾದಕ್ಕೆ ಗುರಿಯಾಗಲು ತಾಂತ್ರಿಕ ಕಾರಣವೊಂದಿದೆ. ತಂಬೂರಿ, ಸಿತಾರ, ವೀಣೆಗಳಲ್ಲಿ ನಾದ ಬರುವುದು ಟೊಳ್ಳಾದ ಒಡಲಿನಿಂದ. ಎಲೆಕ್ಟ್ರಿಕ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿ ಹಲಗೆ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತವಿಟ್ಟು, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ತಂತಿ ಕಂಪಿಸಿದಾಗ ಅಲ್ಲಿ ಹುಟ್ಟುವ ವಿದ್ಯುತ್ತು ಆಂಪ್ಲಿಫೈಯರಿಗೆ ಹೋಗಿ ಧ್ವನಿಯಾಗುತ್ತದೆ. ಆದುದರಿಂದ ಒಡಲನ್ನು ಕೊಡಲಿಯಾಕಾರದಲ್ಲಿ ಕೊರೆದರೂ ನವಿಲಿನಾಕಾರದಲ್ಲಿ ಕೊರೆದರೂ ವಾದ್ಯ ಮೂಕವಾಗುವುದಿಲ್ಲ. ಈ ಸ್ವಾತಂತ್ರ್ಯವೇ ಕೆತ್ತನೆಗಾರನಿಗೆ ವರವೂ ಹೌದು, ಬಲೆಯೂ ಹೌದು.

ಈ ಪ್ರಶ್ನೆ ವಿಜಯಪುರಕ್ಕೆ ಹೊಸದಲ್ಲ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದನು. ತಾನೇ ದಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನೌರಸ್’ನಲ್ಲಿ ಆ ವಾದ್ಯವನ್ನು ಸ್ಮರಿಸಿದ್ದಾನೆ. ಬೇಕಾದಷ್ಟು ವಾದ್ಯಗಳನ್ನು ತರಿಸಿ ಖಜಾನೆಯಲ್ಲಿಡುವ ಸಾಮರ್ಥ್ಯವಿದ್ದ ಅರಸನು ಒಂದನ್ನು ಹೆಸರು ಹಿಡಿದು ಕರೆದು ಕೈಯಲ್ಲಿ ಹಿಡಿದನೆಂಬುದು ಗಮನಿಸತಕ್ಕ ಸಂಗತಿ. ಫರ್ರುಖ್ ಬೇಗ್ ಎಂಬ ಚಿತ್ರಕಾರನು ಬರೆದ ಚಿತ್ರದಲ್ಲಿ ಸುಲ್ತಾನನು ತಂಬೂರಿ ನುಡಿಸುತ್ತ ಕುಳಿತಿದ್ದಾನೆ. ಆ ಚಿತ್ರ ಈಗ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 1599ರಲ್ಲಿ ಅವನು ಕಟ್ಟತೊಡಗಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನು ಹಾಳುಗೆಡವಿದನು. ತೊರವಿಯ ಬಳಿಯ ಸಂಗೀತ ಮಹಲಿನ ಅವಶೇಷ ಉಳಿದುಕೊಂಡಿದೆ.

ತೊರವಿಯನ್ನು ದಾಟಿದ ರಸ್ತೆಯೇ ತಿಕೋಟಾ, ಅಥಣಿ, ಕಾಗವಾಡಗಳ ಮೇಲೆ ಹಾಯ್ದು ಮಿರಜಕ್ಕೆ ಮುಟ್ಟುತ್ತದೆ. ತಿಕೋಟಾ ಭಾಗದ ಒಣದ್ರಾಕ್ಷಿ ಬೆಳೆಗಾರರಿಗೆ ಇದು ಸಾಂಗಲಿ, ತಾಸಗಾಂವ ಪೇಟೆಯ ದಾರಿ. ಹಸಿರು ಹೊಳಪಿನ ದ್ರಾಕ್ಷಿಗೆ ಹೆಚ್ಚಿನ ದರ, ಕಪ್ಪಾದುದಕ್ಕೆ ಕಡಿಮೆ ದರ ಎಂಬುದನ್ನು ಪ್ರತಿ ಹಂಗಾಮಿನಲ್ಲಿಯೂ ಕಂಡ ಈ ವರ್ತಕರಿಗೆ ಕಣ್ಣು ಮೊದಲು ಕೊಳ್ಳುತ್ತದೆ, ನಾಲಿಗೆ ಆಮೇಲೆ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಅದೇ ದಾರಿಯ ತುದಿಯಲ್ಲಿ, ಕಣ್ಣು ಮತ್ತು ಕಿವಿ ಎರಡನ್ನೂ ತೃಪ್ತಿಪಡಿಸಿ ನೂರೈವತ್ತು ವರುಷಕ್ಕೂ ಮೇಲ್ಪಟ್ಟು ಬಾಳಿದ ಉದ್ದಿಮೆಯೊಂದಿದೆ. ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರ.

ಮಿರಜದ ತಂತಿವಾದ್ಯ ತಯಾರಿಕೆ ಶಿಕಲಗಾರ ಮನೆತನಗಳ ಕಸುಬು. ಮೂಲತಃ ಇವರು ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಬ್ರಿಟಿಷರ ಆಳ್ವಿಕೆ ಬಲಿತು ಆಯುಧಗಳಿಗೆ ಬೇಡಿಕೆ ಕುಸಿದಾಗ, 19ನೆಯ ಶತಮಾನದ ಮಧ್ಯಭಾಗದಲ್ಲಿ ಫರೀದಸಾಹೇಬ ಸಿತಾರಮೇಕರ ಎಂಬವರು ವಾದ್ಯಗಳ ದುರಸ್ತಿಗೆ ಕೈಹಚ್ಚಿ, ಮುಂದೆ ತಯಾರಿಕೆಗೇ ಇಳಿದರು. ಪಟವರ್ಧನ ಸಂಸ್ಥಾನಿಕರ ಆಶ್ರಯ ದೊರೆಯಿತು. ಉಸ್ತಾದ್ ಅಬ್ದುಲ್ ಕರೀಂಖಾನರು ಮಿರಜದಲ್ಲಿ ನೆಲೆಸಿದ್ದರಿಂದ ಗಾಯಕರ ಓಡಾಟ ಬೆಳೆಯಿತು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರಿಂದ ಮೊದಲ್ಗೊಂಡು ಹುಬ್ಬಳ್ಳಿ, ಧಾರವಾಡ, ಗದಗಗಳ ಗಾಯಕ ಪರಂಪರೆ ಹಬ್ಬಿದಂತೆ ಈ ಊರಿನ ತಂಬೂರಿಗೆ ಕರ್ನಾಟಕದಲ್ಲಿಯೂ ಮನೆಮನೆಯ ಗಿರಾಕಿ ಹುಟ್ಟಿತು.

ಮಿರಜದ ತಂಬೂರಿ ಬಡವಾದ ವಸ್ತುವಲ್ಲ. ಬುರುಡೆ ಮತ್ತು ದಂಡಿ ಕೂಡುವಲ್ಲಿ ಎಲೆಯ ಕೆತ್ತನೆ, ತಬಲಿಯ ಅಂಚಿಗೆ ಬಳ್ಳಿಯ ಪಟ್ಟಿ, ದಂಡಿಯ ಮೇಲೆ ಬಿಳಿ ಹೂಗಳ ಸಾಲು. ಹಿಂದೆ ಆನೆದಂತದಲ್ಲಿ ಆಗುತ್ತಿದ್ದ ಕೆಲಸ ವನ್ಯಜೀವಿ ಕಾನೂನು ಬಿಗಿಯಾದ ಮೇಲೆ ಸೆಲ್ಯುಲಾಯ್ಡ್, ಪ್ಲಾಸ್ಟಿಕ್ ಹಾಳೆಗಳಿಗೆ ಬಂದು ನಿಂತಿತು. ಆದರೆ ಈ ಅಲಂಕಾರ ಎಲ್ಲಿ ನಿಲ್ಲುತ್ತದೆಂಬುದನ್ನು ನೋಡಬೇಕು. ತಂತಿಯ ಕಂಪನವನ್ನು ಹೊರುವ ತಬಲಿಯ ನಡುಭಾಗ ಬಹುಮಟ್ಟಿಗೆ ಬೋಳು. ಅಲ್ಲಿ ಭಾರ ಬಿದ್ದರೆ ನಾದ ಸತ್ತುಹೋಗುತ್ತದೆ. ಪಂಢರಪುರ, ಮಂಗಳವೇಢೆ ಕಡೆಯಿಂದ ಬರುವ ಬುರುಡೆಯನ್ನು ಒಣಗಿಸಿ, ಕೊರೆದು, ತೂನ್ ಮರದ ದಂಡಿಗೆ ಕೂಡಿಸುವ ಮುಂಚೆಯೇ ಅದು ಗಂಡು ಧ್ವನಿಗೋ ಹೆಣ್ಣು ಧ್ವನಿಗೋ ಎಂಬುದು ನಿಶ್ಚಯವಾಗಿರುತ್ತದೆ. ಗಂಡು ಧ್ವನಿಗೆ ದೊಡ್ಡ ಬುರುಡೆ, ಉದ್ದ ದಂಡಿ. ಹೂಬಳ್ಳಿಯ ಮಾತು ಆಮೇಲಿನದು.

ಕಡೆಯ ಕೆಲಸ ಜವಾರಿ. ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ವಾದ್ಯದವರಲ್ಲಿ ಅದು ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಬ್ಬಿರುವಂತೆ ಉಜ್ಜಿ, ತಂತಿಯ ಕೆಳಗೆ ದಾರವಿಟ್ಟು ಝೇಂಕಾರ ಬರಿಸುವ ಕುಶಲತೆ. ನೋಡುವವನಿಗೆ ಇದು ಕಾಣುವುದೇ ಇಲ್ಲ. ಜವಾರಿ ಕೆಟ್ಟ ತಂಬೂರಿ ಎಷ್ಟೇ ಚೆಂದವಿದ್ದರೂ ಗಾಯಕನಿಗೆ ಬರಿಯ ಭಾರ. ಗಿರಾಕಿ ಹಣ ಕೊಡುವುದು ಕಾಣುವ ಹೂವಿಗೆ, ಮರಳಿ ಬರುವುದು ಕಾಣದ ಜವಾರಿಗೆ.

2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ಆಪತ್ತು ಬೇರೆ ಕಡೆಯಿಂದ ಬಂದಿದೆ. ಬೆಂಗಳೂರಿನ ರಾಡೆಲ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ಬಳಕೆಗೆ ತಂದ ಎಲೆಕ್ಟ್ರಾನಿಕ್ ತಂಬೂರಿ, ಈಚೆಗೆ ಮೊಬೈಲಿನ ತಂಬೂರಿ ಇವು ನಿತ್ಯದ ರಿಯಾಜಿನಿಂದ ಮರದ ತಂಬೂರಿಯನ್ನು ಬಹಳಷ್ಟು ಹೊರಗಿಟ್ಟಿವೆ. ಅಭ್ಯಾಸ ಮಾಡುವವನಿಗೆ ಅಗ್ಗದ ಪೆಟ್ಟಿಗೆ ಸಾಕಾದಾಗ, ಮರದ ತಂಬೂರಿ ಕಛೇರಿಯ ವೇದಿಕೆಗೂ ಸಿರಿವಂತರ ಹಜಾರಕ್ಕೂ ಸರಿಯುತ್ತದೆ. ಹಜಾರದ ಗಿರಾಕಿ ಜವಾರಿಯನ್ನು ಕೇಳುವುದಿಲ್ಲ. ಕೇಳುವವರು ಕಡಿಮೆಯಾದರೆ ಅದನ್ನು ಬಲ್ಲವರೂ ಕಡಿಮೆಯಾಗುತ್ತಾರೆ. ಪ್ರದರ್ಶನದ ಮಾರಾಟದಲ್ಲಿ ಇವತ್ತಿನ ಗಲ್ಲೆ ತುಂಬಬಹುದು. ಆದರೆ ಮಿರಜಕ್ಕೆ ಮಿರಜವೆಂಬ ಹೆಸರು ತಂದದ್ದು ಆ ಉಬ್ಬು, ಹೂಬಳ್ಳಿಯಲ್ಲ.

ಗಿಟಾರಿನ ಪೇಟೆಯೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಎರಿಕ್ ಕ್ಲಾಪ್ಟನ್ ಮೂರು ಹಳೆಯ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರುಗಳ ಬಿಡಿಭಾಗಗಳನ್ನು ಕೂಡಿಸಿ ಮಾಡಿಕೊಂಡ, ಸವೆದು ಬಣ್ಣ ಹೋದ ‘ಬ್ಲ್ಯಾಕಿ’ಯು 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಕೊಂಡದ್ದು ವಾದ್ಯಗಳ ಅಂಗಡಿ ನಡೆಸುವ ಕಂಪನಿ ಎಂಬುದು ವರ್ತಕರಿಗೆ ಸ್ವಾರಸ್ಯವೆನಿಸಬಹುದು. 2019ರಲ್ಲಿ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರ್ಯಾಟೊಕ್ಯಾಸ್ಟರ್ 39,75,000 ಡಾಲರ್ ತಂದಿತು. ಎರಡರಲ್ಲಿಯೂ ಕೆತ್ತನೆಯಿಲ್ಲ, ಚಿಪ್ಪಿಲ್ಲ. ಬೆಲೆ ಬಂದದ್ದು ನುಡಿಸಿದ ಕೈಯಿಂದ. ಮಾರಾಟವಾದ ಮೇಲೆ ಇಂಥವು ಗಾಜಿನ ಕಪಾಟು ಸೇರುವುದು ವಿಪರ್ಯಾಸವಾದರೂ, ಮೊದಲು ನುಡಿಸದೆ ಕಪಾಟು ಸೇರಿದುದಕ್ಕೆ ಆ ಬೆಲೆ ಬರಲಾರದು.

ಹಾಗೆಂದು ಅಲಂಕಾರ ವ್ಯರ್ಥವೆನ್ನಲಾಗದು. ಡ್ರ್ಯಾಗನ್ ಗಿಟಾರಿನ 201 ತುಣುಕುಗಳೂ ಬೆರಳುಹಲಗೆಯ ಮಟ್ಟಕ್ಕೆ ಸರಿಯಾಗಿ ಉಜ್ಜಲ್ಪಟ್ಟಿವೆ. ಕಣ್ಣಿಗೆ ಕಾಣುತ್ತವೆ, ಬೆರಳಿಗೆ ತಾಗುವುದಿಲ್ಲ. ಮೈಸೂರಿನ ಬೀಟೆಮರದ ಕೂಡಿಕೆ ಕೆಲಸದವರಿಗೆ ಈ ವಿದ್ಯೆ ಪರಿಚಿತವೇ. ತಪ್ಪುವುದು ಉಬ್ಬುಕೆತ್ತನೆಯಲ್ಲಿ. ಮುಂಗೈ ಒರಗುವ ಅಂಚಿನಲ್ಲಿ ಸರ್ಪದ ಹೆಡೆ ಇದ್ದರೆ ಮೂರನೆಯ ಹಾಡಿಗೆ ಕೈ ಕೆಂಪಗಾಗುತ್ತದೆ. ಭಾರದ ಮಾತೂ ಹಾಗೆಯೇ. ಗಿಬ್ಸನ್ ಲೆಸ್ ಪಾಲ್ ಮಾದರಿಯ ಗಿಟಾರೇ 4 ಕಿಲೊ ಮೀರುತ್ತದೆ. ಅದರ ಮೇಲೆ ಸಾಗುವಾನಿಯ ಕೆತ್ತನೆ ಹೇರಿದರೆ ರಸಮಂಜರಿಯ ವಾದಕನು ನಿಂತು ಒಂದು ರಾತ್ರಿ ನುಡಿಸಲಾರ. ಬಬಲೇಶ್ವರ ಸುತ್ತಿನ ಊರುಗಳ ಭಜನಾ ಮಂಡಳಿಯವರ ಏಕತಾರಿ, ದಮಡಿ, ಹಾರ್ಮೋನಿಯಂಗಳನ್ನು ನೋಡಿದರೆ ದುಡಿಯುವ ವಾದ್ಯದ ಲಕ್ಷಣ ತಿಳಿಯುತ್ತದೆ: ಹಿಡಿಯುವ ಜಾಗ ನುಣುಪು, ಉಳಿದಲ್ಲಿ ಬೇಕಾದರೆ ಬಣ್ಣ, ಕುಚ್ಚು.

ಗಿಟಾರ್ ಮಾಡಲು ಮುಂದಾಗುವ ಮರಗೆಲಸದವರು ಇನ್ನೆರಡನ್ನು ನೆನಪಿಡಬೇಕು. ಕೆತ್ತನೆಯನ್ನು ಕಣ್ಣಳತೆಯಲ್ಲಿ ಮಾಡಬಹುದು, ಫ್ರೆಟ್ ಪಟ್ಟಿಗಳನ್ನು ಕೂರಿಸಲಾಗದು. 648 ಮಿಲಿಮೀಟರ್ ತಂತಿಯಲ್ಲಿ ಹನ್ನೆರಡನೆಯ ಪಟ್ಟಿ 324ಕ್ಕೆ ಬರಬೇಕು. ಒಂದು ಮಿಲಿಮೀಟರ್ ಸರಿದರೂ ಪಳಗಿದ ಕಿವಿಗೆ ಅಪಸ್ವರ ಗೊತ್ತಾಗುತ್ತದೆ. ಆರು ತಂತಿಗಳ ಒಟ್ಟು ಸೆಳೆತ 45 ಕಿಲೊದ ಆಸುಪಾಸು. ಇಷ್ಟು ಭಾರ ಹಗಲಿರುಳು ಹೊರುವ ಕತ್ತಿನ ಮರದಲ್ಲಿ ತೇವಾಂಶ ಶೇ. 6ರಿಂದ 8ರಷ್ಟೇ ಇರಬೇಕೆಂಬುದು ತಯಾರಕರ ರೂಢಿ. ಬಾಗಿಲು-ಚೌಕಟ್ಟಿಗೆ ಒಣಗಿಸಿದ ಮರ ಇದಕ್ಕೆ ಸಾಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಒಣಹವೆಯಲ್ಲಿ ಅರೆಒಣಗಿದ ಕತ್ತು ಒಂದೇ ಏಪ್ರಿಲ್‌ನಲ್ಲಿ ಡೊಂಕಾಗುತ್ತದೆ. ಗೋಡೆಗೆ ತೂಗುವ ವಾದ್ಯಕ್ಕೂ ಈ ಮಾತು ಸಲ್ಲುತ್ತದೆ. ತಂತಿ ಸಡಿಲಿಸಿ, ಬಿಸಿಲು ಬೀಳದ ಗೋಡೆಗೆ ಹಾಕಬೇಕೆಂದು ಗಿರಾಕಿಗೆ ಬರೆದುಕೊಡುವುದು ಒಳ್ಳೆಯದು.

ಬೀಟೆಮರ ಬಳಸಿ ಹೊರದೇಶಕ್ಕೆ ಕಳಿಸುವವರಿಗೆ ಕಾನೂನೂ ಇದೇ ಪ್ರಶ್ನೆ ಕೇಳುತ್ತದೆ. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ನಿರ್ಬಂಧದ ಪಟ್ಟಿಗೆ ಸೇರಿದವು. 2019ರ ಕೊನೆಯಿಂದ ಬ್ರೆಜಿಲಿನ ಜಾತಿಯೊಂದನ್ನುಳಿದು ಸಿದ್ಧವಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನುಡಿಯದ ಗಿಟಾರಿನಾಕಾರದ ಮರದ ಶೋಪೀಸು ಆ ವಿನಾಯಿತಿಯನ್ನು ಕೇಳಲಾಗದು. ಜಿಎಸ್‌ಟಿಯಲ್ಲಿಯೂ ವಾದ್ಯ ಒಂದು ಶೀರ್ಷಿಕೆ, ಮರದ ಅಲಂಕಾರ ವಸ್ತು ಇನ್ನೊಂದು. ಬಿಲ್ ಬರೆಯುವ ಮುನ್ನ ತೆರಿಗೆ ಸಲಹೆಗಾರರನ್ನು ಕೇಳಿಕೊಳ್ಳಬೇಕು.

ಆರ್ಡರ್ ಚೀಟಿಯ ಮೊದಲ ಸಾಲಿನಲ್ಲಿಯೇ ‘ನುಡಿಸಲು’ ಅಥವಾ ‘ಪ್ರದರ್ಶನಕ್ಕೆ’ ಎಂದು ಬರೆಸಿ ಸಹಿ ಪಡೆದರೆ ಮುಂದಿನ ಅರ್ಧ ತಕರಾರು ತಪ್ಪುತ್ತದೆ. ನುಡಿಸಲು ಎಂದಾದರೆ ತೂಕದ ಮಿತಿಯನ್ನೂ, ಮೊದಲ ವರುಷ ಎಷ್ಟು ಸಲ ಪುಕ್ಕಟೆಯಾಗಿ ಸರಿಪಡಿಸಿ ಕೊಡಲಾಗುವುದೆಂಬುದನ್ನೂ ಅದರಲ್ಲಿಯೇ ನಮೂದಿಸಬೇಕು. ಪ್ರದರ್ಶನಕ್ಕೆ ಎಂದಾದರೆ ಪಿಕಪ್, ಫ್ರೆಟ್ಟುಗಳ ಖರ್ಚನ್ನು ಕೆತ್ತನೆಗೆ ತಿರುಗಿಸಬಹುದು, ದರವನ್ನೂ ಹಾಗೆಯೇ ಹೇಳಬಹುದು. ಯಾವುದೇ ಇರಲಿ, ಗಿರಾಕಿಯ ಹೆಸರು ಕೆತ್ತಿದ ಮಾಲು ಇನ್ನೊಬ್ಬನಿಗೆ ಮಾರಾಟವಾಗದು. ಮರ ಕೊಯ್ಯುವ ಮೊದಲೇ ಅರ್ಧದಷ್ಟು ಮುಂಗಡ ಕೈಸೇರಿರಬೇಕು.