ಗುಡೂಚೀ ವಿಚಾರ

ನಮ್ಮ ಪೂರ್ವಿಕರು ಮೂಲಿಕೆಗಳಿಗಿಟ್ಟ ಹೆಸರುಗಳಲ್ಲಿ ‘ಅಮೃತಾ’ ಎಂಬುದಕ್ಕಿಂತ ಹಿರಿದಾದುದು ಮತ್ತೊಂದಿಲ್ಲ. ಕನ್ನಡಿಗರು ಅಮೃತಬಳ್ಳಿಯೆಂದು ಕರೆದು ಬೇಲಿಯ ಮೇಲೂ ಬೇವಿನ ಮರದ ಮೇಲೂ ಹಬ್ಬಿಸಿಕೊಂಡು ಬಂದಿರುವ ಗುಡೂಚಿಗೆ ಈ ಹೆಸರು ಬಂದ ಬಗೆಯನ್ನು ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ವಿವರಿಸಿರುವನು. ರಾವಣವಧೆಯ ಅನಂತರ ಇಂದ್ರನು ಮಡಿದ ಕಪಿಗಳನ್ನು ಬದುಕಿಸಲು ಅಮೃತವನ್ನು ಸುರಿಸಲಾಗಿ, ಅವುಗಳ ಮೈಯಿಂದ ಜಾರಿದ ಹನಿಗಳು ಬಿದ್ದೆಡೆಯಲ್ಲಿ ಈ ಬಳ್ಳಿಯು ಹುಟ್ಟಿತಂತೆ. ಇಂತಹ ಹೆಸರನ್ನು ಹೊತ್ತ ಬಳ್ಳಿಯು ಯಕೃತ್ತಿಗೆ ಕೇಡನ್ನುಂಟುಮಾಡುವುದೆಂಬ ಆರೋಪಕ್ಕೆ 2021ರಲ್ಲಿ ಗುರಿಯಾಯಿತು. ಆರೋಪಿಸಿದವರೂ ಅದನ್ನು ಅಲ್ಲಗಳೆದವರೂ ಶಾಸ್ತ್ರವು ಈ ದ್ರವ್ಯದ ವಿಷಯದಲ್ಲಿ ಏನು ಹೇಳಿದೆಯೆಂಬುದನ್ನು ಹೆಚ್ಚಾಗಿ ಗಮನಿಸಿದಂತೆ ಕಾಣುವುದಿಲ್ಲ. ಆದಕಾರಣ ಈ ವಿಚಾರವನ್ನು ವಾಚಕರ ಮುಂದಿಡಲಾಗಿದೆ.

ಮೊದಲು ವೃತ್ತಾಂತವನ್ನು ತಿಳಿಯೋಣ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಮುಂಬಯಿಯ ಯಕೃದ್ರೋಗತಜ್ಞರು ಕಾಮಾಲೆಯಿಂದ ಬಂದ ಆರು ಮಂದಿ ರೋಗಿಗಳನ್ನು ಕಂಡರು. ಕೋವಿಡ್ ವ್ಯಾಧಿಯ ಭಯದಿಂದ ದೇಶದಲ್ಲೆಲ್ಲ ಜನರು ಕಷಾಯವನ್ನು ಕುಡಿಯುತ್ತಿದ್ದ ಕಾಲವದು. ವಿಚಾರಿಸಲಾಗಿ ಆರು ಮಂದಿಯೂ ಅಮೃತಬಳ್ಳಿಯನ್ನು ಸೇವಿಸುತ್ತಿದ್ದರೆಂದು ತಿಳಿದುಬಂದಿತು. ಯಕೃತ್ತಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಒಂದು ವಿಶೇಷವಾದ ವಿಕಾರದ ಗುರುತುಗಳು ಕಂಡವು. ಅದಾವುದೆಂದರೆ, ದೇಹವು ಪರಕೀಯ ವಸ್ತುವನ್ನು ಹೊಡೆದೋಡಿಸಲು ಇಟ್ಟುಕೊಂಡಿರುವ ಶಕ್ತಿಯೇ ದಾರಿತಪ್ಪಿ ತನ್ನ ಅಂಗವನ್ನೇ ಶತ್ರುವೆಂದು ಬಗೆದು ಕೆಡಿಸುವುದು. ಈ ವರದಿಯು 2021ರಲ್ಲಿ ಪ್ರಕಟವಾಯಿತು. ಅನಂತರ ಹದಿಮೂರು ಆಸ್ಪತ್ರೆಗಳ ವೈದ್ಯರು ಕೂಡಿ ಇಂತಹ 43 ಮಂದಿಯ ವಿವರವನ್ನು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಸೇವನೆಗೆ ತೊಡಗಿದ ದಿನದಿಂದ ರೋಗಲಕ್ಷಣವು ತಲೆದೋರುವವರೆಗಿನ ಅವಧಿಯ ಮಧ್ಯಮಾನವು 46 ದಿನಗಳು. ಮೊದಲೇ ಯಕೃದ್ರೋಗವಿದ್ದವರ ಸ್ಥಿತಿಯು ಉಳಿದವರಿಗಿಂತ ವಿಷಮಿಸಿತು.

ಮೊದಲನೆಯ ವರದಿಯು ಹೊರಬಿದ್ದೊಡನೆಯೇ ಕೇಂದ್ರ ಸರಕಾರದ ಆಯುಷ್ ಮಂತ್ರಾಲಯವು ಉತ್ತರ ಕೊಟ್ಟಿತು: ವರದಿಗಾರರು ಬಳ್ಳಿಯ ಗುರುತನ್ನು ನಿಶ್ಚಯಿಸಿಲ್ಲ, ಗುಡೂಚಿಯು ಟಿನೋಸ್ಪೋರಾ ಕಾರ್ಡಿಫೋಲಿಯಾ ಎಂಬ ಜಾತಿಯದು, ಅದನ್ನು ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬುದು ಬೇರೆ, ಕೇಡು ಈ ಎರಡನೆಯದರಿಂದ ಆಗಿರಬಹುದು ಎಂದು.

ಗುರುತಿನ ಪ್ರಶ್ನೆಯು ಹಗುರವಾದುದಲ್ಲ. ಕಾಡಿನಲ್ಲಿ ಅಲೆಯುವ ಕುರುಬರೂ ದನಗಾಹಿಗಳೂ ಗಿಡಮೂಲಿಕೆಗಳ ನಾಮರೂಪಗಳನ್ನು ಬಲ್ಲರು, ಆದರೆ ಅಷ್ಟರಿಂದಲೇ ಔಷಧಜ್ಞಾನವು ಆಗಲಿಲ್ಲ ಎಂಬ ಅಭಿಪ್ರಾಯವು ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ ಇದೆ. ಪ್ರಕೃತದಲ್ಲಿ ಆ ಮೊದಲ ಮೆಟ್ಟಿಲಾದ ನಾಮರೂಪಜ್ಞಾನಕ್ಕೇ ಕುಂದು ಬಂದಿದೆ! ನಿಘಂಟುಕಾರರು ಗುಡೂಚಿಗೆ ಕೊಟ್ಟಿರುವ ಪರ್ಯಾಯಪದಗಳು ಕೇವಲ ಸ್ತುತಿಗಳಲ್ಲ, ಲಕ್ಷಣಗಳೂ ಆಗಿವೆ. ಕಡಿದರೂ ಮತ್ತೆ ಚಿಗುರುವುದರಿಂದ ಛಿನ್ನರುಹಾ. ಕಾಂಡವನ್ನು ಅಡ್ಡಲಾಗಿ ಕತ್ತರಿಸಿದರೆ ಬಂಡಿಯ ಗಾಲಿಯ ಅರಗಳಂತೆ ಗೆರೆಗಳು ಕಾಣುವುದರಿಂದ ಚಕ್ರಲಕ್ಷಣಿಕಾ. ಇಂದಿನ ಸಸ್ಯಶಾಸ್ತ್ರಜ್ಞನು ಸೂಕ್ಷ್ಮದರ್ಶಕದಿಂದ ನೋಡುವುದೂ ಈ ಚಕ್ರವನ್ನೇ. ಕಂದದಿಂದ ಹುಟ್ಟುವ ಮತ್ತೊಂದು ಗುಡೂಚಿಯನ್ನು ರಾಜನಿಘಂಟುವು ಬೇರೆಯಾಗಿಯೇ ಹೇಳುವುದರಿಂದ ಹೋಲುವ ಬಳ್ಳಿಗಳುಂಟೆಂಬ ಎಚ್ಚರವು ಪ್ರಾಚೀನರಿಗೆ ಇದ್ದಿತೆಂಬುದು ಸಿದ್ಧವಾಗುತ್ತದೆ. ಕಾರ್ಡಿಫೋಲಿಯಾದ ಎಲೆಯು ಹೃದಯಾಕಾರದ್ದಾಗಿ ನುಣುಪಾಗಿರುವುದು. ಸೈನೆನ್ಸಿಸ್ ಎಂಬ ಜಾತಿಯ ಎಲೆಗೆ ರೋಮವುಂಟು. ಕ್ರಿಸ್ಪಾದ ಕಾಂಡದ ಮೇಲೆ ನರೂಲಿಯಂತಹ ಗಂಟುಗಳು ಒತ್ತೊತ್ತಾಗಿ ಎದ್ದಿರುವುವು. ಹಸಿಯ ಬಳ್ಳಿಯನ್ನು ಕೈಯಲ್ಲಿ ಹಿಡಿದವನಿಗೆ ಈ ಭೇದವು ತಿಳಿಯುವುದು ಕಷ್ಟವಲ್ಲ. ಒಣಗಿಸಿ ಪುಡಿಮಾಡಿ ಸೀಸೆಯಲ್ಲಿ ತುಂಬಿದ ಮೇಲೆ ಕಣ್ಣಿನಿಂದ ತಿಳಿಯುವ ಉಪಾಯವಿಲ್ಲ.

ಆದರೆ ಇದೊಂದೇ ಸಮಾಧಾನದಿಂದ ವಿವಾದವು ಮುಗಿಯುವುದೇ? ಇಲ್ಲಿ ಉಭಯತಃಪಾಶವುಂಟು. ಕೇಡು ಅನ್ಯಜಾತಿಯ ಬಳ್ಳಿಯಿಂದ ಆಯಿತೆನ್ನುವುದಾದರೆ, ಅಮೃತಬಳ್ಳಿಯ ಹೆಸರಿನಲ್ಲಿ ಅನ್ಯವನ್ನು ಮಾರುತ್ತಿರುವಾಗ ಎಲ್ಲರೂ ಕುಡಿಯಿರೆಂದು ಹೇಳಿದ್ದು ಸರಿಯಾಗಲಾರದು. ನಿಜವಾದ ಗುಡೂಚಿಯಿಂದಲೇ ಆಯಿತೆನ್ನುವುದಾದರೆ, ಯಾರಿಗೆ, ಎಷ್ಟು, ಎಷ್ಟು ಕಾಲ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಎರಡು ದಾರಿಯಲ್ಲಿಯೂ ಹೊಣೆಯು ತಪ್ಪುವುದಿಲ್ಲ.

ಎರಡನೆಯ ಪಕ್ಷವನ್ನು ತಳ್ಳಿಹಾಕುವಂತಿಲ್ಲವೆಂಬುದಕ್ಕೆ ಇನ್ನೊಂದು ಕಾರಣವಿದೆ. ಈ ಲೇಖನದ ಮುಖ್ಯಾಂಶವೂ ಅದೇ. 1993ರಲ್ಲಿ ಅದೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶರದಿನಿ ಡಹಾಣೂಕರ್ ಮತ್ತು ಸಂಗಡಿಗರು ಗುಡೂಚಿಯನ್ನು ಯಕೃದ್ವಿಕಾರದಲ್ಲಿ ಔಷಧವಾಗಿಯೇ ಪರೀಕ್ಷಿಸಿದ್ದರು. ಪಿತ್ತನಾಳವು ಕಟ್ಟಿಕೊಂಡು ಕಾಮಾಲೆಯಾದವರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಪಿತ್ತವನ್ನು ಹೊರಹರಿಸುವ ಪದ್ಧತಿಯುಂಟು. ಆ ಕಾಲದಲ್ಲಿ ರಕ್ತಕ್ಕೆ ನಂಜೇರುವ ಭಯವು ಬಹಳ. ಮೂವತ್ತು ಮಂದಿ ರೋಗಿಗಳನ್ನು ಎರಡು ಗುಂಪುಮಾಡಿ, ಒಂದಕ್ಕೆ ರೂಢಿಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಅದರೊಡನೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 16 ಮಿಲಿಗ್ರಾಮಿನಂತೆ ಗುಡೂಚಿಯನ್ನೂ ಕೊಟ್ಟರು. ಮೊದಲನೆಯ ಗುಂಪಿನಲ್ಲಿ ಅರ್ಧದಷ್ಟು ಮಂದಿಗೆ ನಂಜೇರಿತು. ಗುಡೂಚಿಯನ್ನು ಸೇವಿಸಿದವರಲ್ಲಿ ಒಬ್ಬರಿಗೂ ಏರಲಿಲ್ಲ. ಸಂಖ್ಯೆಯು ಚಿಕ್ಕದಾದುದರಿಂದ ಇದನ್ನು ಸಿದ್ಧಾಂತವೆನ್ನಲಾಗದು. ಆದರೂ ದೇಹದ ರಕ್ಷಣಶಕ್ತಿಯನ್ನು ಈ ಬಳ್ಳಿಯು ಎಬ್ಬಿಸುವುದೆಂಬ ಪರೀಕ್ಷಕರ ಊಹೆಗೆ ಇದು ಬಲವನ್ನು ಕೊಟ್ಟಿತು.

ಈಗ ಎರಡು ವೃತ್ತಾಂತಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ರಕ್ಷಣಶಕ್ತಿಯು ಕುಗ್ಗಿದವನಲ್ಲಿ ಅದನ್ನು ಎಬ್ಬಿಸಿದರೆ ಜೀವವು ಉಳಿಯಬಹುದು. ಆ ಶಕ್ತಿಯೇ ಒಳಗೊಳಗೆ ತನ್ನವರ ಮೇಲೆ ತಿರುಗಿ ನಿಂತಿರುವವನಲ್ಲಿ ಎಬ್ಬಿಸಿದರೆ, ಮಲಗಿದ್ದ ವ್ಯಾಧಿಯೂ ಏಳುವುದು. ಇಂತಹ ಗುಪ್ತವ್ಯಾಧಿಯು ಸ್ತ್ರೀಯರಲ್ಲಿ ಹೆಚ್ಚು; ಆ 43 ಮಂದಿಯಲ್ಲಿಯೂ ಅವರೇ ಹೆಚ್ಚೆಂಬುದನ್ನು ನೆನೆಯಬಹುದು. ಅಡಗಿದ್ದ ರೋಗವನ್ನು ಬಳ್ಳಿಯು ಹೊರಗೆಳೆದಿರಬಹುದೆಂಬುದೇ 2022ರ ವರದಿಗಾರರ ಅಭಿಪ್ರಾಯವೂ ಆಗಿದೆ. ಹೀಗಾದಲ್ಲಿ ಒಂದೇ ಗುಣವು ಪಾತ್ರಭೇದದಿಂದ ಒಂದೆಡೆ ಅಮೃತವೂ ಒಂದೆಡೆ ವಿಷವೂ ಆದಂತಾಯಿತು.

ಈ ಮಾತು ಆಯುರ್ವೇದಕ್ಕೆ ಹೊಸದಲ್ಲ. ಔಷಧವನ್ನು ಕೊಡುವ ಮೊದಲು ರೋಗಿಯ ಪ್ರಕೃತಿ, ವಿಕೃತಿ, ಸಾತ್ಮ್ಯ, ವಯಸ್ಸು ಮೊದಲಾದ ಹತ್ತು ವಿಷಯಗಳನ್ನು ಪರೀಕ್ಷಿಸಬೇಕೆಂದು ಚರಕದ ವಿಮಾನಸ್ಥಾನವು ವಿಧಿಸುತ್ತದೆ. ಗುಡೂಚಿಯ ರಸವು ಮೇಧ್ಯರಸಾಯನಗಳು ನಾಲ್ಕರಲ್ಲಿ ಒಂದೆಂಬುದನ್ನು ಜಾಹೀರಾತಿನವರು ಎತ್ತಿ ಹೇಳುವರು. ರಸಾಯನಕ್ಕೆ ಮುಂಚೆ ದೇಹಶೋಧನವು ಆಗಬೇಕೆಂದು ಅದೇ ಗ್ರಂಥವು ಹೇಳಿರುವುದನ್ನು ಬಿಟ್ಟುಬಿಡುವರು. ಗುಡೂಚಿಯನ್ನು ಹಸಿಯಾಗಿಯೇ ಉಪಯೋಗಿಸಬೇಕೆಂಬುದು ಶಾರ್ಙ್ಗಧರನ ಮತ. ಕುಟಜ, ವಾಸಾ, ಕೂಷ್ಮಾಂಡ, ಶತಾವರಿಗಳೊಡನೆ ಅವನು ಅದನ್ನು ಎಣಿಸಿರುವನು. ಅಂಗಡಿಯಲ್ಲಿ ದೊರೆಯುವುದಾದರೋ ಒಣ ಚೂರ್ಣ, ಇಲ್ಲವೆ ಕಷಾಯವನ್ನು ಬತ್ತಿಸಿ ಮಾಡಿದ ಘನವಟಿ. ಹಸಿಯದಕ್ಕೂ ಇದಕ್ಕೂ ಗುಣದಲ್ಲಿ ಅಂತರವೆಷ್ಟೆಂಬುದನ್ನು ರೋಗಿಗಳಲ್ಲಿ ತೂಗಿ ನೋಡುವುದು ಸಂಶೋಧಕರಿಗೆ ತಕ್ಕ ಕೆಲಸವಾಗಿದೆ.

ಪ್ರಮಾಣದ ವಿಷಯದಲ್ಲಿಯೂ ಎರಡು ಮಾತುಗಳನ್ನು ಹೇಳಬೇಕು. ನಾವು ಗುಳಿಗೆಗೆ ಮಾತ್ರೆಯೆನ್ನುತ್ತೇವೆ. ಅಳತೆಯೆಂಬುದೇ ಆ ಪದದ ಮೊದಲರ್ಥ. ಗುಳಿಗೆಯು ಉಳಿದು ಅಳತೆಯು ಮರೆತುಹೋಗಿದೆ. ಭಾರತೀಯ ಆಯುರ್ವೇದ ಔಷಧಸಂಹಿತೆಯು ಗುಡೂಚೀ ಚೂರ್ಣಕ್ಕೆ 3ರಿಂದ 6 ಗ್ರಾಂ, ಕಷಾಯಕ್ಕೆ 20ರಿಂದ 30 ಗ್ರಾಂ ಎಂದು ಮಿತಿಯಿಟ್ಟಿದೆ. 2020ರ ಅಕ್ಟೋಬರಿನಲ್ಲಿ ಆಯುಷ್ ಮಂತ್ರಾಲಯವು ಪ್ರಕಟಿಸಿದ ಕೋವಿಡ್ ಚಿಕಿತ್ಸಾಕ್ರಮದಲ್ಲಿಯೂ ಘನವಟಿಯನ್ನು ಹದಿನೈದು ದಿನ ಅಥವಾ ಒಂದು ತಿಂಗಳು, ಇಲ್ಲವೆ ವೈದ್ಯನು ಹೇಳಿದಂತೆ ಸೇವಿಸಬೇಕೆಂದಿತ್ತು. ಮೇಲೆ ಹೇಳಿದ 46 ದಿನಗಳನ್ನು ಇದರೊಡನೆ ಹೋಲಿಸಿ ನೋಡಬಹುದು.

ಇಷ್ಟರಿಂದ ಅಮೃತಬಳ್ಳಿಯನ್ನು ಕಿತ್ತೊಗೆಯಬೇಕೆಂದು ಯಾರೂ ಭಾವಿಸಬಾರದು. ಆ ಕಾಲದಲ್ಲಿ ಎಷ್ಟು ಮಂದಿ ಅದನ್ನು ಸೇವಿಸಿದರೆಂಬ ಲೆಕ್ಕವಿಲ್ಲದೆ, 43 ಎಂಬ ಸಂಖ್ಯೆಯಿಂದ ಕೇಡಿನ ಪ್ರಮಾಣವನ್ನು ಗಣಿಸುವುದು ಅಶಕ್ಯ. ಕಷಾಯವನ್ನು ಕುಡಿದು ಸುಖವಾಗಿದ್ದವನು ಆಸ್ಪತ್ರೆಗೆ ಬರುವುದಿಲ್ಲವಷ್ಟೆ. ಆದರೆ ಯಕೃದ್ರೋಗವಿರುವವರು, ರಕ್ಷಣಶಕ್ತಿಯ ವಿಪರ್ಯಾಸದಿಂದ ಹುಟ್ಟುವ ಥೈರಾಯ್ಡ್ ವಿಕಾರ, ಸಂಧಿವಾತ ಮೊದಲಾದವುಗಳುಳ್ಳವರು ವೈದ್ಯನನ್ನು ಕೇಳದೆ ಇದನ್ನು ತಿಂಗಳುಗಟ್ಟಲೆ ಸೇವಿಸಕೂಡದೆಂಬುದರಲ್ಲಿ ಸಂಶಯವಿಲ್ಲ. ಕಣ್ಣು ಹಳದಿಯಾಗುವುದು, ಮೂತ್ರವು ಕಪ್ಪಾಗುವುದು, ಅನ್ನವು ರುಚಿಸದಿರುವುದು, ಇವು ಕಂಡೊಡನೆ ಸೇವನೆಯನ್ನು ನಿಲ್ಲಿಸಿ ಯಕೃತ್ತಿನ ಪರೀಕ್ಷೆಯನ್ನು ಮಾಡಿಸಬೇಕು. ಕಾಮಾಲೆಗೆ ಅಮೃತಬಳ್ಳಿಯೇ ಮದ್ದೆಂದು ಕೇಳಿದ ಮನೆಯವರು ಆ ಹೊತ್ತಿನಲ್ಲಿ ಕಷಾಯವನ್ನು ಇಮ್ಮಡಿ ಮಾಡುವ ಸಂಭವವುಂಟಾದುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು. ಆಸ್ಪತ್ರೆಯ ವೈದ್ಯನು ಯಾವ ಔಷಧವನ್ನು ತೆಗೆದುಕೊಳ್ಳುತ್ತಿರುವಿರೆಂದು ಕೇಳಿದಾಗ, ಮನೆಯ ಕಷಾಯವು ಔಷಧವಲ್ಲವೆಂದು ತಿಳಿದು ಅನೇಕರು ಸುಮ್ಮನಿರುವರು. ಅದನ್ನೂ ಹೆಸರಿಸಿ ಕೇಳುವುದು ವೈದ್ಯನ ಕೆಲಸ, ಸಾಧ್ಯವಾದರೆ ಬಳ್ಳಿಯ ತುಂಡನ್ನೇ ತರಿಸಿ ನೋಡುವುದು ಇನ್ನೂ ಲೇಸು.