ರಕ್ತದಲ್ಲಿ ಕ್ಯಾನ್ಸರ್ ಸುಳಿವು: ಮೈಕ್ರೋ ಆರ್‌ಎನ್‌ಎಯನ್ನು ಪ್ರೌಢಶಾಲಾ ತರಗತಿಗೆ ತರುವುದು ಹೇಗೆ?

2024ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯು ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ದೊರೆಯಿತು. ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ 1993ರಲ್ಲಿ ಅವರು ಗುರುತಿಸಿದ ಪುಟ್ಟ ಅಣುವಿಗೆ ಇಂದು ಮೈಕ್ರೋ ಆರ್‌ಎನ್‌ಎ ಎಂಬ ಹೆಸರಿದೆ. ಇದೇ ಅಣುವನ್ನು ರಕ್ತದಲ್ಲಿ ಅಳೆದು ಕ್ಯಾನ್ಸರ್ ಪತ್ತೆ ಮಾಡುವ ಪ್ರಯತ್ನಗಳು ನಡೆದಿವೆ. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಎಷ್ಟು ಹೇಳಬಹುದು, ಹೇಗೆ ಹೇಳಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ವಿಷಯ ಜೀವಶಾಸ್ತ್ರದ್ದಾದರೂ ಅದು ಪೂರ್ಣವಾಗಿ ಅರ್ಥವಾಗಲು ಗಣಿತ ಬೇಕು ಎಂಬುದೇ ನನ್ನ ಮುಖ್ಯ ಮಾತು.

ಈ ವಿಷಯ ಏಕೆ?

ಬೋಧನಾಭ್ಯಾಸದ ಮೂರನೇ ವಾರ ಅನುವಂಶೀಯತೆಯ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಒಂದು ರಕ್ತ ಪರೀಕ್ಷೆ ಮಾಡಿಸಿದ್ರೆ ಕ್ಯಾನ್ಸರ್ ಇದೆಯೋ ಇಲ್ವೋ ಗೊತ್ತಾಗುತ್ತಂತೆ, ಹೌದಾ? ನಮ್ಮ ದೊಡ್ಡಮ್ಮಂಗೆ ಮಾಡಿಸ್ಬೇಕು ಅಂತ ಅಪ್ಪ ಹೇಳ್ತಿದ್ರು.” ಓದಿಕೊಂಡು ಬಂದು ಹೇಳುತ್ತೇನೆ ಎಂದೆ. ಇದು ಅಂಕಕ್ಕಾಗಿ ಕೇಳಿದ ಪ್ರಶ್ನೆಯಾಗಿರಲಿಲ್ಲ. ಶಿಕ್ಷಕರು ಹೇಳಿದ್ದು ಸಂಜೆಗೆ ಮನೆ ತಲುಪುತ್ತದೆ, ಅಲ್ಲಿ ಅದರ ಮೇಲೆ ಹಣ ಖರ್ಚಾಗಬಹುದು, ಆಸೆ ಹುಟ್ಟಬಹುದು, ಭಯವೂ ಹುಟ್ಟಬಹುದು. ಹೌದು ಅಥವಾ ಇಲ್ಲ ಎಂಬ ಒಂದೇ ಪದದ ಉತ್ತರ ಇಲ್ಲಿ ಸಾಲದು.

ಮೊದಲ ಹಂತ: ಅಣುವಿನ ಕೆಲಸ

ಜೀವಕೋಶದ ಡಿಎನ್‌ಎಯಲ್ಲಿ ಪ್ರೋಟೀನು ತಯಾರಿಸುವ ಮಾಹಿತಿ ಇದೆ ಎಂಬುದು ಮಕ್ಕಳಿಗಿರುವ ಪೂರ್ವಜ್ಞಾನ. ಅಲ್ಲಿಂದ ಮುಂದಕ್ಕೆ ಬಿಸಿಯೂಟದ ಹೋಲಿಕೆ ಚೆನ್ನಾಗಿ ಹೊಂದುತ್ತದೆ. ಹಾಜರಿ ಪುಸ್ತಕ ಮುಖ್ಯ ಶಿಕ್ಷಕರ ಕೊಠಡಿಯಲ್ಲೇ ಇರುತ್ತದೆ, ಅದು ಡಿಎನ್‌ಎ. ಇಂದು ಎಷ್ಟು ಮಕ್ಕಳಿಗೆ ಅಡುಗೆ ಎಂಬ ಚೀಟಿ ಮಾತ್ರ ಅಡುಗೆ ಮನೆಗೆ ಹೋಗುತ್ತದೆ. ಅದು ಸಂದೇಶವಾಹಕ ಆರ್‌ಎನ್‌ಎ. ಅಡುಗೆ ಮನೆ ಎಂದರೆ ರೈಬೋಸೋಮ್, ಅನ್ನ ಸಾಂಬಾರು ಎಂದರೆ ಪ್ರೋಟೀನು. ಈಗ ಯಾರೋ ದಾರಿಯಲ್ಲಿ ಆ ಚೀಟಿಯ ಮೇಲೆ ಇನ್ನೊಂದು ತುಂಡು ಕಾಗದ ಅಂಟಿಸುತ್ತಾರೆ ಎನ್ನೋಣ. ಅಕ್ಷರ ಮುಚ್ಚಿಹೋಗುತ್ತದೆ, ಅಡುಗೆ ಕಡಿಮೆಯಾಗುತ್ತದೆ ಅಥವಾ ಆಗುವುದೇ ಇಲ್ಲ. ಆ ತುಂಡು ಕಾಗದವೇ ಮೈಕ್ರೋ ಆರ್‌ಎನ್‌ಎ. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಬೇರೆ ಸಂದೇಶಗಳನ್ನು ತಡೆಯುವುದೇ ಅದರ ಕೆಲಸ.

ಹೋಲಿಕೆಯ ಮಿತಿಯನ್ನೂ ತರಗತಿಯಲ್ಲೇ ಹೇಳಬೇಕು. ಒಂದೇ ಮೈಕ್ರೋ ಆರ್‌ಎನ್‌ಎ ನೂರಾರು ಬಗೆಯ ಸಂದೇಶಗಳಿಗೆ ಅಂಟಬಲ್ಲದು, ಒಂದೇ ಸಂದೇಶಕ್ಕೆ ಹಲವು ಮೈಕ್ರೋ ಆರ್‌ಎನ್‌ಎಗಳೂ ಅಂಟಬಲ್ಲವು. ಬಿಸಿಯೂಟದ ಚೀಟಿಗೆ ಈ ಗುಣವಿಲ್ಲ.

ಅಂಟುವ ಬಗೆಯನ್ನು ಕಾಗದದ ಪಟ್ಟಿಗಳಿಂದ ತೋರಿಸಬಹುದು. ಲೆಟ್-7 ಎಂಬ ಮೈಕ್ರೋ ಆರ್‌ಎನ್‌ಎಯನ್ನು 2000ದಲ್ಲಿ ಹುಳುವಿನಲ್ಲಿ ವರದಿ ಮಾಡಲಾಯಿತು. ಅದೇ ವರ್ಷ ಅದು ಮನುಷ್ಯನಲ್ಲಿಯೂ ಇದೆ ಎಂದು ತಿಳಿಯಿತು. ಅದರ ಉದ್ದ ಕೇವಲ 22 ಅಕ್ಷರ. ಗುರಿಯನ್ನು ಗುರುತಿಸಲು ಮುಖ್ಯವಾಗುವುದು ಎರಡನೆಯದರಿಂದ ಎಂಟನೆಯದರವರೆಗಿನ ಏಳು ಅಕ್ಷರಗಳು: ಜಿ-ಎ-ಜಿ-ಜಿ-ಯು-ಎ-ಜಿ. ಎಗೆ ಯು, ಜಿಗೆ ಸಿ ಜೊತೆಯಾಗುತ್ತದೆ ಎಂಬ ನಿಯಮ ಕೊಟ್ಟು ಕೆಳಗಿನ ಪಟ್ಟಿಯನ್ನು ತುಂಬಲು ಹೇಳಿ. ಸಿ-ಯು-ಸಿ-ಸಿ-ಎ-ಯು-ಸಿ ಎಂಬ ಉತ್ತರ ಮಕ್ಕಳೇ ಬರೆಯುತ್ತಾರೆ. ಈ ಸರಣಿ ಇರುವ ಸಂದೇಶವೇ ಅದರ ಗುರಿ. ಇದಕ್ಕೆ ಹತ್ತು ನಿಮಿಷ ಸಾಕು.

ಎರಡನೇ ಹಂತ: ಕ್ಯಾನ್ಸರಿಗೆ ಏನು ಸಂಬಂಧ?

ತಡೆಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯಿಂದ ಇಲ್ಲಿಗೆ ಬರಬಹುದು. 2002ರಲ್ಲಿ ಕಾರ್ಲೋ ಕ್ರೋಚೆ ಅವರ ತಂಡವು ಒಂದು ಬಗೆಯ ರಕ್ತ ಕ್ಯಾನ್ಸರಿನ ರೋಗಿಗಳಲ್ಲಿ 13ನೇ ವರ್ಣತಂತುವಿನ ಒಂದು ಭಾಗ ಆಗಾಗ ಕಾಣೆಯಾಗಿರುವುದನ್ನು ಪರಿಶೀಲಿಸಿತು. ಆ ಭಾಗದಲ್ಲಿ ಎರಡು ಮೈಕ್ರೋ ಆರ್‌ಎನ್‌ಎಗಳ ಜೀನ್‌ಗಳು ಸಿಕ್ಕವು. ಸಾಯಬೇಕಾದ ಕೋಶವನ್ನು ಬದುಕಿಸುವ ಒಂದು ಪ್ರೋಟೀನನ್ನು ಇವು ಹತೋಟಿಯಲ್ಲಿಡುತ್ತವೆ ಎಂದು ನಂತರ ತಿಳಿಯಿತು. ಹತೋಟಿ ತಪ್ಪಿದರೆ ಕೋಶಗಳು ಸಾಯದೆ ಉಳಿದು ಹೆಚ್ಚುತ್ತವೆ. ಬೇರೆ ಕೆಲವು ಮೈಕ್ರೋ ಆರ್‌ಎನ್‌ಎಗಳು ಗಡ್ಡೆಗಳಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿರುತ್ತವೆ. ಒಟ್ಟಿನಲ್ಲಿ ಕ್ಯಾನ್ಸರ್ ಕೋಶದ ಮೈಕ್ರೋ ಆರ್‌ಎನ್‌ಎ ಪಟ್ಟಿ ಆರೋಗ್ಯವಂತ ಕೋಶದ ಪಟ್ಟಿಯಂತಿರುವುದಿಲ್ಲ.

ಆದರೆ ಕೋಶದೊಳಗಿನ ಅಣು ರಕ್ತದಲ್ಲಿ ಸಿಗುವುದು ಹೇಗೆ? ರಕ್ತದಲ್ಲಿ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳಿವೆ. ಬರಿಯ ಆರ್‌ಎನ್‌ಎ ಅಲ್ಲಿ ಹೆಚ್ಚು ಹೊತ್ತು ಉಳಿಯದು. 2008ರಲ್ಲಿ ಅಮೆರಿಕದ ಸಿಯಾಟಲ್ ನಗರದ ಒಂದು ತಂಡವು ರಕ್ತದ ಪ್ಲಾಸ್ಮಾವನ್ನು 24 ಗಂಟೆ ಕೊಠಡಿಯ ಉಷ್ಣತೆಯಲ್ಲಿ ಇಟ್ಟು ನೋಡಿತು, ಎಂಟು ಸಲ ಹೆಪ್ಪುಗಟ್ಟಿಸಿ ಕರಗಿಸಿ ನೋಡಿತು. ಮೈಕ್ರೋ ಆರ್‌ಎನ್‌ಎ ಹೆಚ್ಚು ಕಡಿಮೆ ಹಾಗೆಯೇ ಉಳಿದಿತ್ತು. ಕೋಶಗಳು ಹೊರಬಿಡುವ ಸೂಕ್ಷ್ಮ ಕೊಬ್ಬಿನ ಚೀಲಗಳೊಳಗೆ ಅಥವಾ ಪ್ರೋಟೀನುಗಳಿಗೆ ಅಂಟಿಕೊಂಡು ಅದು ಸಾಗುವುದರಿಂದ ಕಿಣ್ವಗಳಿಗೆ ಸಿಗುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ದೇಹದಲ್ಲಿ ಹರಡಿದ್ದ 25 ಜನರನ್ನು 25 ಆರೋಗ್ಯವಂತರೊಂದಿಗೆ ಹೋಲಿಸಿದಾಗ ಒಂದು ಮೈಕ್ರೋ ಆರ್‌ಎನ್‌ಎಯ ಪ್ರಮಾಣ ರೋಗಿಗಳಲ್ಲಿ ಹೆಚ್ಚಿರುವುದನ್ನೂ ಅದೇ ತಂಡ ತೋರಿಸಿತು. ಗಡ್ಡೆಯ ಚೂರು ಕತ್ತರಿಸಿ ತೆಗೆಯುವ ಬಯಾಪ್ಸಿಗೆ ಮೊದಲೇ ತೋಳಿನ ರಕ್ತದಿಂದ ಸುಳಿವು ಪಡೆಯಬಹುದೆಂಬ ಆಸೆ ಹೀಗೆ ಬಲವಾಯಿತು.

ಅಳೆಯುವ ವಿಧಾನ

ಇಷ್ಟು ಅಲ್ಪ ಪ್ರಮಾಣವನ್ನು ಅಳೆಯಲು ಮೊದಲು ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡುತ್ತಾರೆ, ನಂತರ ಪಿಸಿಆರ್ ವಿಧಾನದಿಂದ ಅದನ್ನು ಮತ್ತೆ ಮತ್ತೆ ಇಮ್ಮಡಿಗೊಳಿಸುತ್ತಾರೆ. ಕೋವಿಡ್ ಕಾಲದ ಆರ್‌ಟಿ-ಪಿಸಿಆರ್ ಪದ ಮಕ್ಕಳಿಗೆ ನೆನಪಿರುತ್ತದೆ, ಅದೇ ತತ್ವ. ಒಂದು ಪ್ರತಿ 10 ಸುತ್ತುಗಳಲ್ಲಿ 1,024 ಆಗುತ್ತದೆ, 20 ಸುತ್ತುಗಳಲ್ಲಿ ಹತ್ತು ಲಕ್ಷ ದಾಟುತ್ತದೆ. ಮೊದಲೇ ಹೆಚ್ಚಿದ್ದ ಮಾದರಿ ಬೇಗ ನಿಗದಿತ ಗೆರೆ ಮುಟ್ಟುತ್ತದೆ. ಒಂದು ಮಾದರಿ ಇನ್ನೊಂದಕ್ಕಿಂತ ಮೂರು ಸುತ್ತು ಮೊದಲೇ ಗೆರೆ ಮುಟ್ಟಿದರೆ ಅದರಲ್ಲಿ ಎಷ್ಟು ಪಟ್ಟು ಹೆಚ್ಚಿತ್ತು ಎಂದು ಕೇಳಿ. ಎರಡರ ಘಾತ ತಿಳಿದವರು ಎಂಟು ಪಟ್ಟು ಎನ್ನುತ್ತಾರೆ.

ಮೂರನೇ ಹಂತ: ಗ್ರಾಫ್ ಹಾಳೆಯ ಚಟುವಟಿಕೆ

ಪಾಠದ ತಿರುಳು ಇಲ್ಲಿದೆ. ಈ ಕ್ಷೇತ್ರದ ಉತ್ತಮ ಫಲಿತಾಂಶಗಳಲ್ಲೊಂದು ವೃಷಣದ ಕ್ಯಾನ್ಸರಿಗೆ ಸಂಬಂಧಿಸಿದ್ದು. 371ಎ-3ಪಿ ಎಂಬ ಮೈಕ್ರೋ ಆರ್‌ಎನ್‌ಎ ಕುರಿತು ಜರ್ಮನಿಯ ಸಂಶೋಧಕರ ನೇತೃತ್ವದಲ್ಲಿ 616 ರೋಗಿಗಳನ್ನು ಒಳಗೊಂಡು ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ರೋಗವಿದ್ದ 100 ಜನರಲ್ಲಿ ಸುಮಾರು 90 ಜನರನ್ನು ಅದು ಗುರುತಿಸಿತು. ಇದು ಪರೀಕ್ಷೆಯ ಸೂಕ್ಷ್ಮತೆ. ರೋಗವಿಲ್ಲದ 100 ಜನರಲ್ಲಿ 94 ಜನರಿಗೆ ಇಲ್ಲ ಎಂದೇ ಹೇಳಿತು, ಇದು ನಿರ್ದಿಷ್ಟತೆ. ಹಳೆಯ ರಕ್ತ ಸೂಚಕಗಳಿಗಿಂತ ಇದು ಬಹಳ ಮೇಲು.

ಈ ಎರಡು ಸಂಖ್ಯೆಗಳನ್ನು ಲೆಕ್ಕಕ್ಕಾಗಿ ಮಾತ್ರ ಎರವಲು ಪಡೆದು ಚಟುವಟಿಕೆ ಮಾಡಿಸಿ. ಗ್ರಾಫ್ ಹಾಳೆಯಲ್ಲಿ 5 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಆಯತ ಎಳೆದರೆ ಅದರೊಳಗೆ 1,000 ಚಿಕ್ಕ ಚೌಕಗಳಿರುತ್ತವೆ. ಪ್ರತಿ ಚೌಕ ಒಬ್ಬ ವ್ಯಕ್ತಿ. ಯಾವ ಲಕ್ಷಣವೂ ಇಲ್ಲದ 1,000 ಜನರ ಊರಿನಲ್ಲಿ 10 ಜನರಿಗೆ ಒಂದು ಕ್ಯಾನ್ಸರ್ ಇದೆ ಎಂದು ಭಾವಿಸೋಣ. 10 ಚೌಕಗಳಿಗೆ ಕೆಂಪು ಹಚ್ಚಿಸಿ. ಪರೀಕ್ಷೆ ಅವರಲ್ಲಿ 9 ಜನರನ್ನು ಹಿಡಿಯುತ್ತದೆ, ಒಬ್ಬರನ್ನು ಬಿಟ್ಟುಬಿಡುತ್ತದೆ. ಉಳಿದ 990 ಜನರಲ್ಲಿ ಶೇ. 6ರಷ್ಟು, ಅಂದರೆ ಸುಮಾರು 59 ಜನರಿಗೆ ರೋಗವಿಲ್ಲದಿದ್ದರೂ ಪಾಸಿಟಿವ್ ಬರುತ್ತದೆ. ಆ 59 ಚೌಕಗಳಿಗೆ ಹಳದಿ ಹಚ್ಚಿಸಿ.

ಈಗ ಪ್ರಶ್ನೆ: ಪಾಸಿಟಿವ್ ಬಂದ ಒಬ್ಬರಿಗೆ ನಿಜವಾಗಿ ಕ್ಯಾನ್ಸರ್ ಇರುವ ಸಂಭವನೀಯತೆ ಎಷ್ಟು? ಬಹುತೇಕ ಮಕ್ಕಳು, ನಮ್ಮಲ್ಲಿಯೂ ಹಲವರು, ಶೇ. 90 ಎನ್ನುತ್ತಾರೆ. ಹಾಳೆ ಬೇರೆಯದನ್ನೇ ಹೇಳುತ್ತದೆ. ಪಾಸಿಟಿವ್ ಬಂದವರು 68, ರೋಗವಿರುವವರು 9. ಅಂದರೆ ಸುಮಾರು ಶೇ. 13.

ಇಷ್ಟಕ್ಕೇ ನಿಲ್ಲಿಸಿದರೆ ಪರೀಕ್ಷೆಯೇ ಕೆಟ್ಟದು ಎಂಬ ಭಾವನೆ ಉಳಿಯುತ್ತದೆ. ಆದ್ದರಿಂದ ಎರಡನೇ ಆಯತ ಬೇಕು. ಗಡ್ಡೆ ಕಾಣಿಸಿಕೊಂಡು ಆಸ್ಪತ್ರೆಗೆ ಬಂದ 100 ಜನರಲ್ಲಿ 50 ಜನರಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಅದೇ ಪರೀಕ್ಷೆ 45 ಜನರನ್ನು ಸರಿಯಾಗಿ, 3 ಜನರನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. 48ರಲ್ಲಿ 45, ಅಂದರೆ ಸುಮಾರು ಶೇ. 94. ಪರೀಕ್ಷೆ ಬದಲಾಗಲಿಲ್ಲ, ಯಾರಿಗೆ ಮಾಡಿದೆವು ಎಂಬುದು ಬದಲಾಯಿತು. ಈ ಒಂದು ವಾಕ್ಯವನ್ನು ಮಕ್ಕಳು ತಮ್ಮ ಮಾತಿನಲ್ಲಿ ಹೇಳುವಂತಾದರೆ ಪಾಠದ ಉದ್ದೇಶ ಈಡೇರಿದಂತೆ.

ಇನ್ನೂ ಏಕೆ ಎಲ್ಲೆಡೆ ಬಂದಿಲ್ಲ?

ಮೂರು ಕಾರಣಗಳನ್ನು ಸಂಕ್ಷಿಪ್ತವಾಗಿ ಹೇಳಬಹುದು. ಒಂದು, ಹಲವು ಮೈಕ್ರೋ ಆರ್‌ಎನ್‌ಎಗಳು ಕ್ಯಾನ್ಸರಿಗೆ ಮಾತ್ರ ಮೀಸಲಲ್ಲ. 21ನೇ ಸಂಖ್ಯೆಯದು ಅನೇಕ ಕ್ಯಾನ್ಸರ್‌ಗಳಲ್ಲಿ ಹೆಚ್ಚುತ್ತದೆ, ಆದರೆ ಉರಿಯೂತದಲ್ಲಿ, ಹೃದಯದ ತೊಂದರೆಗಳಲ್ಲಿಯೂ ಹೆಚ್ಚಬಹುದು. ಎರಡು, ಕೆಂಪು ರಕ್ತಕಣಗಳಲ್ಲೇ 16 ಮತ್ತು 451ನೇ ಸಂಖ್ಯೆಯ ಮೈಕ್ರೋ ಆರ್‌ಎನ್‌ಎಗಳು ಧಾರಾಳವಾಗಿವೆ. ರಕ್ತ ತೆಗೆಯುವಾಗ ಅಥವಾ ಸಾಗಿಸುವಾಗ ಕಣಗಳು ಒಡೆದರೆ ಅವು ಪ್ಲಾಸ್ಮಾಗೆ ಸೇರಿ ಲೆಕ್ಕ ಕೆಡುತ್ತದೆ. ಮೂರು, ಬೇರೆ ಬೇರೆ ಪ್ರಯೋಗಾಲಯಗಳ ವಿಧಾನಗಳು ಒಂದೇ ರೀತಿ ಇರುವುದಿಲ್ಲವಾದ್ದರಿಂದ ಒಂದೆಡೆಯ ಫಲಿತಾಂಶ ಇನ್ನೊಂದೆಡೆ ಮರುಕಳಿಸದೆ ಹೋಗಬಹುದು.

ಹಾಗೆಂದು ಕೆಲಸ ನಿಂತಿಲ್ಲ. ಒಂದರ ಬದಲು ಹಲವು ಮೈಕ್ರೋ ಆರ್‌ಎನ್‌ಎಗಳನ್ನು ಒಟ್ಟಿಗೆ ಅಳೆಯುವ ದಾರಿ ಹಿಡಿಯಲಾಗಿದೆ. ಜಠರದ ಕ್ಯಾನ್ಸರಿಗಾಗಿ 12 ಮೈಕ್ರೋ ಆರ್‌ಎನ್‌ಎಗಳ ಪರೀಕ್ಷೆಯೊಂದಕ್ಕೆ ಸಿಂಗಾಪುರದಲ್ಲಿ 2019ರಲ್ಲಿ ಅನುಮತಿ ದೊರೆಯಿತು. ಐದು ಸಾವಿರಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಈ ಪರೀಕ್ಷೆ ಯಾರಿಗೆ ಎಂಡೋಸ್ಕೋಪಿ ಅಗತ್ಯ ಎಂದು ಆರಿಸಲು ಇದೆ. ಕ್ಯಾನ್ಸರ್ ಇದೆ ಎಂದು ಖಚಿತಪಡಿಸುವುದು ಎಂಡೋಸ್ಕೋಪಿ ಮತ್ತು ಬಯಾಪ್ಸಿಯೇ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಈ ಪಾಠಕ್ಕೆ ಎರಡು ಅವಧಿ ಇಟ್ಟುಕೊಳ್ಳಿ. ಮೊದಲ ಅವಧಿಯಲ್ಲಿ ಅಣು ಮತ್ತು ರಕ್ತ, ಎರಡನೆಯದರಲ್ಲಿ ಗ್ರಾಫ್ ಹಾಳೆ. ಸಾಧ್ಯವಾದರೆ ಗಣಿತ ಶಿಕ್ಷಕರನ್ನೂ ತರಗತಿಗೆ ಕರೆಯಿರಿ; ಸಂಭವನೀಯತೆಯ ಅಧ್ಯಾಯದಲ್ಲಿ ದಾಳ, ನಾಣ್ಯ, ಇಸ್ಪೀಟು ಎಲೆಗಳಷ್ಟೇ ನೋಡಿದ ಮಕ್ಕಳಿಗೆ ಇದು ಹೊಸ ಉದಾಹರಣೆ.

ತರಗತಿಯಲ್ಲಿ ಯಾರ ಮನೆಯಲ್ಲಿ ಕ್ಯಾನ್ಸರ್ ಇದೆ ಎಂದು ಕೈ ಎತ್ತಿಸಬೇಡಿ. ಸುಳ್ಳು ಪಾಸಿಟಿವ್ ಬಗ್ಗೆ ಹೇಳುವಷ್ಟೇ ಸಮಯವನ್ನು ಪರೀಕ್ಷೆ ಬಿಟ್ಟುಬಿಟ್ಟ ಆ ಒಬ್ಬ ವ್ಯಕ್ತಿಗೂ ಕೊಡಿ: ನೆಗೆಟಿವ್ ಬಂದರೂ ಲಕ್ಷಣವಿದ್ದರೆ ವೈದ್ಯರ ಬಳಿ ಹೋಗಲೇಬೇಕು. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ, ಅದಕ್ಕೆ ಇಂಥ ದುಬಾರಿ ರಕ್ತ ಪರೀಕ್ಷೆ ಬೇಕಿಲ್ಲ ಎಂಬ ಮಾಹಿತಿಯನ್ನೂ ಮಕ್ಕಳ ಕೈಯಲ್ಲಿ ಮನೆಗೆ ಕಳಿಸಬಹುದು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: “ಶೇ. 90 ಸೂಕ್ಷ್ಮತೆಯ ರಕ್ತ ಪರೀಕ್ಷೆ ಎಂಬ ಜಾಹೀರಾತು ನೋಡಿದರೆ ನೀವು ಇನ್ನೂ ಯಾವ ಎರಡು ವಿಷಯ ಕೇಳುತ್ತೀರಿ?” ನಿರ್ದಿಷ್ಟತೆ ಎಷ್ಟು, ಯಾವ ಗುಂಪಿನ ಜನರಿಗೆ ಮಾಡುವುದು ಎಂದು ಬರೆದವರಿಗೆ ಪೂರ್ಣ ಅಂಕ ಕೊಡಿ.