ರಾತ್ರಿಯ ಹಿಮದಿಂದ ವಾಹನದಲ್ಲಿನ ನೀರಿನ ಯಂತ್ರಗಳ ರಕ್ಷಣೆ

ಬಾಳೂರು, ಕಳಸದ ಕಡೆ ಪುಷ್ಯಮಾಸದ ಚಳಿ ಎಷ್ಟೇ ಇದ್ದರೂ ಪಂಪಿನೊಳಗಿನ ನೀರು ಹೆಪ್ಪುಗಟ್ಟುವುದಿಲ್ಲ. ಆದುದರಿಂದ ಸಂಜೆ ಕೆಲಸ ಮುಗಿದೊಡನೆ ಪಂಪು, ಹೋಸು, ಸ್ಪ್ರೇಯರುಗಳನ್ನು ನೀರಿನ ಸಹಿತವೇ ಪಿಕಪ್ಪಿನಲ್ಲಿ ಬಿಟ್ಟು ಹೋಗುವುದು ನಮ್ಮವರ ರೂಢಿ. ಪಂಪ್‌ಸೆಟ್ ದುರಸ್ತಿ, ತುಂತುರು ನೀರಾವರಿ ಮುಂತಾದ ಕೆಲಸ ಹಿಡಿದು ನೀಲಗಿರಿಗೆ ವಾಹನ ಕಳುಹಿಸುವವರು ಈ ರೂಢಿಯನ್ನು ಇಲ್ಲಿಯೇ ಬಿಟ್ಟು ಹೋಗತಕ್ಕದ್ದು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಊಟಿಯ ಸುತ್ತಮುತ್ತ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ತಗ್ಗಿನ ಹುಲ್ಲು, ಚಹಾದ ಚಿಗುರು ಬೆಳಗಾಗುವಷ್ಟರಲ್ಲಿ ಬೆಳ್ಳಗಾಗಿರುತ್ತವೆ.

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಬೀಡುಕಬ್ಬಿಣದ ಕೇಸಿಂಗೂ ಬಿರುಕುಬಿಡುತ್ತದೆ. ಬಿರುಕನ್ನು ಮಂಜುಗಡ್ಡೆಯೇ ಮುಚ್ಚಿಕೊಂಡಿರುವುದರಿಂದ, ಬಿಸಿಲೇರಿ ಅದು ಕರಗಿ ನೀರು ಸೋರುವವರೆಗೆ ಹಾನಿ ಗೊತ್ತಾಗುವುದೇ ಇಲ್ಲ.

ಇನ್ನೂರು ಲೀಟರಿನ ಟ್ಯಾಂಕಿನ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ. ಅಷ್ಟು ನೀರು ಒಂದೇ ರಾತ್ರಿಯಲ್ಲಿ ಪೂರ್ತಿ ಗಟ್ಟಿಯಾಗುವುದು ನಮ್ಮ ದಕ್ಷಿಣದ ಬೆಟ್ಟಗಳಲ್ಲಿ ಸಂಭವಿಸದು. ಮೊದಲು ಹಾಳಾಗುವುದು ಸ್ವಲ್ಪವೇ ನೀರು ನಿಲ್ಲುವ ಭಾಗಗಳು: ಪ್ರೆಷರ್ ವಾಷರಿನ ಗನ್ನು, ಪಂಪಿನ ತಲೆ, ಫಿಲ್ಟರಿನ ಬಟ್ಟಲು, ಹಿತ್ತಾಳೆಯ ವಾಲ್ವು. ಆದುದರಿಂದ ಸಂಜೆಯೇ ಕೇಸಿಂಗಿನ ಕೆಳಗಿನ ಡ್ರೈನ್ ಬೋಲ್ಟು ಬಿಚ್ಚಿ ನೀರಿಳಿಸಬೇಕು. ಹೋಸನ್ನು ಒಂದು ತುದಿಯಿಂದ ಎತ್ತುತ್ತ ಬಸಿಯಬೇಕು. ಗನ್ನಿನ ಕುದುರೆಯನ್ನು ಒತ್ತಿ ಉಳಿದ ನೀರನ್ನು ಹೊರಬಿಡಬೇಕು. ಬಾಲ್ ವಾಲ್ವನ್ನು ಪೂರ್ತಿ ಮುಚ್ಚಿದರೆ ಗುಂಡಿನೊಳಗೆ ನೀರು ಸಿಕ್ಕಿಕೊಳ್ಳುವುದರಿಂದ, ನೀರು ಬಸಿದ ಮೇಲೆ ಅದನ್ನು ಅರ್ಧ ತೆರೆದೇ ಬಿಡುವುದು ಲೇಸು. ಗನ್ನು, ಫಿಲ್ಟರುಗಳನ್ನು ಕೋಣೆಯೊಳಗೇ ಇರಿಸಿಕೊಂಡರೆ ಇನ್ನೂ ನಿಶ್ಚಿಂತೆ. ಇಷ್ಟಕ್ಕೆಲ್ಲ ಹದಿನೈದು ನಿಮಿಷ ಸಾಕು.

ಗೋಣಿಚೀಲ, ಕಂಬಳಿ ಸುತ್ತಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಕಂಬಳಿಗೆ ತನ್ನದೇ ಆದ ಶಾಖವಿಲ್ಲ. ತಣ್ಣಗಾಗುವುದನ್ನು ಅದು ತಡಮಾಡುತ್ತದೆ, ಅಷ್ಟೆ. ಆದರೆ ತೆರೆದ ಪಿಕಪ್ಪಿಗೆ ಟಾರ್ಪಾಲಿನ ಮುಚ್ಚಿಗೆಯಿಂದ ನಿಜವಾದ ಪ್ರಯೋಜನವಿದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಲೋಹವು ಆಕಾಶದತ್ತ ಶಾಖವನ್ನು ಚೆಲ್ಲಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ನೀರಿನಂತೆಯೇ ತಗ್ಗಿಗೆ ಹರಿಯುವುದರಿಂದ ವಾಹನವನ್ನು ಕಣಿವೆಯಲ್ಲಿ ನಿಲ್ಲಿಸದೆ, ಇಳಿಜಾರಿನ ಮೇಲ್ಭಾಗದಲ್ಲಿ, ಸಾಧ್ಯವಾದರೆ ಸೂರಿನಡಿ ನಿಲ್ಲಿಸುವುದು ಉತ್ತಮ.

ವ್ಯಾನಿನೊಳಗೆ ಕೆಂಡದ ಒಲೆ ಇಡುವುದು ಮಾತ್ರ ಸರ್ವಥಾ ಕೂಡದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಒಳಗೆ ಮಲಗಿದ ಚಾಲಕನ ಪ್ರಾಣಕ್ಕೇ ಅಪಾಯ. ರೇಡಿಯೇಟರಿನ ಕೂಲೆಂಟನ್ನು ಸ್ಪ್ರೇಯರಿಗೆ ಸುರಿಯುವುದೂ ತಪ್ಪು. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಉಪ್ಪು ಹಾಕಿದರೆ ಲೋಹ ತುಕ್ಕು ಹಿಡಿಯುತ್ತದೆ.

ಬೆಳಿಗ್ಗೆ ಗನ್ನಿನ ಕುದುರೆ ಬಿಗಿಯಾಗಿದ್ದರೆ, ಹೋಸು ಮಡಿಸಲು ಬಾರದಿದ್ದರೆ ಸ್ವಿಚ್ ಹಾಕಬಾರದು. ಪಂಪಿನ ಸೀಲು ಹರಿಯುತ್ತದೆ, ಮೋಟಾರೂ ಸುಡಬಹುದು. ಬಿಸಿಲಿಗಿಟ್ಟು ಕರಗಿದ ಮೇಲೆ, ಕಡಿಮೆ ಒತ್ತಡದಲ್ಲಿ ನೀರು ಹಾಯಿಸಿ ಸೋರಿಕೆಯನ್ನು ನೋಡಬೇಕು. ಅಂಗಡಿಯವರು ಯಂತ್ರ ಮಾರುವಾಗ, ಹೆಪ್ಪುಗಟ್ಟಿ ಒಡೆದದ್ದಕ್ಕೆ ತಯಾರಕರ ಖಾತರಿ ಅನ್ವಯಿಸುವುದೇ ಎಂಬುದನ್ನು ಓದಿ ಗಿರಾಕಿಗೆ ಮೊದಲೇ ತಿಳಿಸಿದಲ್ಲಿ ಮುಂದಿನ ತಕರಾರು ತಪ್ಪುತ್ತದೆ.